ಒಂದೇ ರೀಡಿನ ಸಾಲು

"ಸ್ಯಾಕ್ಸೊಫೋನ್ ಇಲ್ಲಿಗೆ ಬರ್ಲಿ," ಎಂದು ಹೊಸ ಬ್ಯಾಂಡ್ ಮೇಡಂ ಅಕ್ಕನ ಪಕ್ಕದ ಖಾಲಿ ಕುರ್ಚಿ ತೋರಿಸಿದರು.

ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಅಭ್ಯಾಸ ನಡೆದಿತ್ತು. ಸ್ಯಾಕ್ಸೊಫೋನ್ ಊದುವ ತಂಗಿ ಇಷ್ಟು ದಿನ ಹಿಂದಿನ ಸಾಲಿನಲ್ಲಿ ತುತ್ತೂರಿಯವರ ಜೊತೆ ಕೂರುತ್ತಿದ್ದಳು; ಅಕ್ಕ ಬಾಸ್ ಕ್ಲಾರಿನೆಟ್ ಹಿಡಿದು ಮುಂದೆ. ನಡುವೆ ಅಷ್ಟು ಜನ. ಇಬ್ಬರಿಗೂ ಅದೇ ಬೇಕಾಗಿತ್ತು.

"ಮೇಡಂ, ಅದು ಹಿತ್ತಾಳೆದು. ನಮ್ಮ ಪೈಕಿ," ಎಂದ ತುತ್ತೂರಿ ಊದುವ ದರ್ಜಿ.

"ಮೈ ಹಿತ್ತಾಳೆ ಆದ್ರೇನು? ಬಾಯಿ ನೋಡಿ ಹೇಳ್ಬೇಕು ಕುಲಾನ. ಕೊಳಲಿಗೆ ರೀಡೇ ಇಲ್ಲ, ತೂತಿನ ಅಂಚಿಗೆ ಊದಿದ್ರೆ ಸಾಕು. ಕ್ಲಾರಿನೆಟ್‌ಗೂ ಇದಕ್ಕೂ ಬಾಯಿಗೆ ಕೂರಿಸೋ ಜೊಂಡಿನ ಒಂದೇ ಸೀಳು, ಒಂದು ರೀಡು. ಓಬೋಗೆ ನಮ್ಮ ಶಹನಾಯಿ ಥರ ಜೋಡಿ ರೀಡು. ಮೂರು ಮನೆತನ, ಮೂರೂ ಮರದ ವಾದ್ಯದವೇ."

"ಅಂದ್ರೆ ಇಷ್ಟು ವರ್ಷ ಬೇರೆ ಮನೆ ಮಗಳನ್ನ ಸಾಕಿದ್ವಿ ಅನ್ನಿ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಅಪ್ಪನ ಹೃದಯದ ಶಸ್ತ್ರಚಿಕಿತ್ಸೆಗೆ ವೈದ್ಯರು ಅವಸರ ಮಾಡಿದಾಗ ಅವಳು ಊರಲ್ಲಿರಲಿಲ್ಲ. ತಂಗಿ ಒಬ್ಬಳೇ ಒಪ್ಪಿಗೆ ಕೊಟ್ಟಳು. ಅಪ್ಪ ಏಳಲಿಲ್ಲ. ಓಡೋಡಿ ಬಂದ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ, ನಾಲ್ಕು ಜನರೆದುರು, "ಅಪ್ಪನ್ನ ನೀನೇ ಕೊಂದೆ" ಅಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಈಗ ಮೊಣಕೈಗೆ ಮೊಣಕೈ ತಾಗುವಷ್ಟು ಹತ್ತಿರ. ಪುಟ ಮಗುಚುವಾಗಲೂ ಇಬ್ಬರೂ ಮೈ ಹಿಡಿಮಾಡಿಕೊಳ್ಳುತ್ತಿದ್ದರು. ಒಮ್ಮೆ ಓರೆಗಣ್ಣಿಗೆ ತಂಗಿಯ ಕಿವಿಯ ಹಿಂದಿನ ಬಿಳಿಗೂದಲು ಬಿತ್ತು. ಇವಳಿಗೆ ಯಾವಾಗ ವಯಸ್ಸಾಯಿತು ಎಂದುಕೊಳ್ಳುತ್ತಲೇ ಅಕ್ಕ ಸ್ವರ ತಪ್ಪಿದಳು.

ಉದ್ಯಾನದಲ್ಲಿ ಕಾರ್ಯಕ್ರಮದ ದಿನ, ಇನ್ನೇನು ಶುರುವಾಗಬೇಕು ಎನ್ನುವಾಗ, ತಂಗಿಯ ವಾದ್ಯದ ಬಾಯಿ ಸ್ಟ್ಯಾಂಡಿಗೆ ಬಡಿದು ರೀಡಿನ ತುದಿ ಸೀಳಿತು. ಡಬ್ಬಿ ತಡಕಿದಳು. ಅದರಲ್ಲಿದ್ದದ್ದೂ ಬಿರುಕು ಬಿಟ್ಟಿತ್ತು. ಹಾಡಿನ ಮೊದಲ ಸಾಲನ್ನು ಅವಳೊಬ್ಬಳೇ ನುಡಿಸಬೇಕು. ಅವಳ ಮುಖ ಬಿಳಿಚಿಕೊಂಡಿತು. ಆದರೂ ಪಕ್ಕಕ್ಕೆ ತಿರುಗಲಿಲ್ಲ.

ಅಕ್ಕ ತನ್ನ ಒಳ್ಳೆಯ ರೀಡನ್ನು ನೆನೆಯಲೆಂದು ತುಟಿಗಳ ನಡುವೆ ಇಟ್ಟುಕೊಂಡಿದ್ದಳು. ಅದನ್ನು ತೆಗೆದು ಚಾಚಿದಳು.

"ತಗೊಳ್ಳೇ. ಅಳತೆ ಒಂದೇ, ಕೂರತ್ತೆ."

ತಂಗಿ ಆ ಕೈಯನ್ನೇ ನೋಡಿದಳು.

"ನಿಂಗೆ?"

"ಹಳೇದೊಂದಿದೆ. ನನ್ನದು ತಳದ ಸ್ವರ, ಕರಕರ ಅಂದ್ರೂ ಯಾರು ಕೇಳ್ತಾರೆ?" ಅಕ್ಕ ಅವಸರದಿಂದ ಕರವಸ್ತ್ರ ಹುಡುಕಿದಳು. "ತಾಳು, ಎಂಜಲು ಕಣೇ, ಒರೆಸಿ ಕೊಡ್ತೀನಿ."

ತಂಗಿ ಅಷ್ಟರಲ್ಲಿ ರೀಡನ್ನು ಹಾಗೇ ಬಾಯಿಗಿಟ್ಟುಕೊಂಡಿದ್ದಳು. ಆಮೇಲೆ ತೆಗೆದು ವಾದ್ಯಕ್ಕೆ ಕೂರಿಸಿ ತಿರುಪು ಬಿಗಿದಳು.

ಮೇಡಂ ಕೈಯೆತ್ತಿದರು. ತಂಗಿ ಕಣ್ಣು ಮುಚ್ಚಿ ಎದೆ ತುಂಬ ಉಸಿರೆಳೆದುಕೊಂಡಳು. ತನ್ನ ಸರದಿ ಇನ್ನೂ ದೂರವಿದ್ದರೂ ಅಕ್ಕನೂ ಎಳೆದುಕೊಂಡಳು.