ಕಲ್ಲಗಡ್ಡಿಗೆ ಬಂದ ಇನ್ನೊಬ್ಬ

ತಾನು ಆಡದ ಮಾತನ್ನು ತನ್ನದೇ ಬಾಯಿ ಆಡುತ್ತಿರುವುದನ್ನು ವಿಬುಧೇಂದ್ರ ಮೊದಲ ಸಲ ಕಂಡದ್ದು ರಾಯಚೂರಿನ ತನ್ನ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ಬಂದು ಕೂತಾಗ. ಫೋನಿನಲ್ಲಿ ಅವನ ಚಾನೆಲ್ಲಿನ ಹೊಸ ವಿಡಿಯೊ ಬಂದಿತ್ತು. ಅವನದೇ ನೀಲಿ ಅಂಗಿ, ಹಿಂದೆ ಅವನದೇ ಪುಸ್ತಕದ ಕಪಾಟು. ಮಾತು ಶುರು ಮಾಡುವ ಮುನ್ನ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳುವ ಅಭ್ಯಾಸವೂ ಅವನದೇ.

"ಕಲ್ಲಗಡ್ಡಿಯ ಬಂಧುಗಳೇ, ಇವತ್ತು ಮತ್ತೆ ಡಂಗುರ ಸಾರುತ್ತಾರೆ. ನದಿಗೆ ನೀರು ಬಿಟ್ಟಿದ್ದೇವೆ, ಊರು ಖಾಲಿ ಮಾಡಿ ಎನ್ನುತ್ತಾರೆ. ಹೊರಗೆ ಬಂದು ಒಮ್ಮೆ ಆಕಾಶ ನೋಡಿ. ಮೋಡ ಕಾಣುತ್ತಿದೆಯೇ? ಮನೆ ಬಿಟ್ಟು ಕದಲಬೇಡಿ."

ಆ ದನಿ ಸ್ವಚ್ಛವಾಗಿತ್ತು. ಅವನಿಗೆ ದಿಗಿಲಾದದ್ದು ಅದಕ್ಕೇ. ಗಂಟಲಲ್ಲಿ ಗಂಟೆದ್ದು ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ಅವನ ಸ್ವಂತ ದನಿ ತಗಡಿನ ಮೇಲೆ ಮರಳು ಎಳೆದಂತಾಗಿತ್ತು. ಮಾತು ಆದಷ್ಟು ಕಡಿಮೆ ಮಾಡಿ ಎಂದಿದ್ದರು ವೈದ್ಯರು. ಮಳೆಗಾಲ ಶುರುವಾದಾಗಿನಿಂದ ಅವನು ಕ್ಯಾಮೆರಾದ ಮುಂದೆ ಕೂತೇ ಇರಲಿಲ್ಲ.

ಬಹಳ ವರ್ಷ ಪತ್ರಿಕೆಯಲ್ಲಿ ದುಡಿದು, ಅದರ ರಾಯಚೂರು ಆವೃತ್ತಿ ಮುಚ್ಚಿದ ಮೇಲೆ ವಿಬುಧೇಂದ್ರ ಈ ಚಾನೆಲ್ ತೆರೆದಿದ್ದ. ಹೆಸರು 'ಮುಚ್ಚಿಟ್ಟ ಮಾತು'. ಜೊತೆಗಾರ ಮಾನ್ವಿಯ ನಾಗೇಶ, ಮೊದಲು ಮದುವೆ ವಿಡಿಯೊ ತೆಗೆಯುತ್ತಿದ್ದವನು. ಚಾನೆಲ್ಲಿಗೆ ಜನ ಸೇರಿದ್ದು ಕಲ್ಲಗಡ್ಡಿಯಿಂದ. ಅದು ದೇವದುರ್ಗ ತಾಲ್ಲೂಕಿನಲ್ಲಿ ಕೃಷ್ಣಾ ನದಿಗೆ ಅಂಟಿಕೊಂಡ ಸಣ್ಣ ಊರು. ದಂಡೆಗೂ ಊರಿಗೂ ನಡುವೆ ಒಂದು ತಗ್ಗು ಸೇತುವೆ. ಹೊಳೆ ಏರಿದರೆ ಸೇತುವೆ ಮುಳುಗಿ ಊರು ನಡುಗಡ್ಡೆಯಾಗುತ್ತಿತ್ತು. ಹೋದ ವರ್ಷ ಪ್ರವಾಹ ಬರುತ್ತದೆಂದು ಊರನ್ನು ಖಾಲಿ ಮಾಡಿಸಿದ್ದರು. ನೀರು ಬರಲಿಲ್ಲ. ಜನ ಮರಳಿ ಬಂದು ನೋಡಿದರೆ ಹೊಳೆದಂಡೆಯ ಹಾಳು ಮಂಟಪದ ಸುತ್ತ ಲಾರಿಯ ಚಕ್ರದ ಗುರುತು.

ಮರಳು ಕದಿಯುವವರ ಕೆಲಸ ಎಂಬುದು ವಿಬುಧೇಂದ್ರನಿಗೆ ಅಂದೇ ಹೊಳೆದಿತ್ತು. ಆದರೆ ಪತ್ರಿಕೆಯಲ್ಲಿ ಕಲಿತ ಒಂದು ಉಪಾಯ ಅವನ ಕೈಯಲ್ಲಿತ್ತು: ಹೇಳಲಾಗದ್ದನ್ನು ಪ್ರಶ್ನೆಯಾಗಿ ಕೇಳಬೇಕು. 'ಕಲ್ಲಗಡ್ಡಿಯನ್ನು ಖಾಲಿ ಮಾಡಿಸಿದ್ದೇಕೆ? ಮಂಟಪದ ಕೆಳಗೆ ಸರ್ಕಾರ ಮುಚ್ಚಿಟ್ಟದ್ದೇನು?' ಪ್ರಶ್ನೆಯನ್ನು ಯಾರೂ ಸುಳ್ಳು ಎನ್ನುವಂತಿಲ್ಲ. ಉತ್ತರವನ್ನು ನೋಡುಗರೇ ಕಟ್ಟಿಕೊಂಡರು. ಅವನು ರಾಯಚೂರಿನಲ್ಲಿ ಕೂತು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುತ್ತ ಹೋದ. ಆ ಊರಿಗೆ ಮಾತ್ರ ಒಮ್ಮೆಯೂ ಹೋಗಲಿಲ್ಲ.

ಈಗ ಹಳೆಯ ರೂಢಿಯಂತೆ ಮೊದಲು ನೀರು ಬಿಟ್ಟ ಸುದ್ದಿಯನ್ನು ಖಚಿತ ಮಾಡಿಕೊಂಡ. ಮೇಲಿನ ಆಣೆಕಟ್ಟಿನಲ್ಲಿ ಪರಿಚಯದ ಎಂಜಿನಿಯರ್ ಒಬ್ಬರಿದ್ದರು. ಮಹಾರಾಷ್ಟ್ರದಲ್ಲಿ ಮಳೆ ವಿಪರೀತವಾಗಿದೆ, ಬೆಳಿಗ್ಗೆಯೇ ಗೇಟು ಎತ್ತಿದ್ದೇವೆ, ಹೊತ್ತು ಮುಳುಗುವ ಮೊದಲು ನೀರು ಕಲ್ಲಗಡ್ಡಿ ಮುಟ್ಟುತ್ತದೆ ಎಂದರು. ಇನ್ನೊಬ್ಬರನ್ನು ಕೇಳಿದ. ಅವರೂ ಅದನ್ನೇ ಹೇಳಿದರು. ಈ ಸಲದ ಡಂಗುರ ನಿಜದ್ದು.

ಆಮೇಲೆ ನಾಗೇಶನಿಗೆ ಫೋನು ಹಚ್ಚಿದ.

"ಇವತ್ತಿನ ವಿಡಿಯೊ ಯಾರು ಬರದದ್ದು?"

"ಯಾರೂ ಬರದಿಲ್ರಿ ಸರ್. ತಾನ ಬರಕೊಂತದ, ತಾನ ಹಾಕ್ತದ."

ಶಸ್ತ್ರಚಿಕಿತ್ಸೆಗೆ ಮುಂಚೆ ಚಾನೆಲ್ ನಿಲ್ಲಬಾರದೆಂದು ನಾಗೇಶ ಅವನಿಂದ ಪುಟಗಟ್ಟಲೆ ಓದಿಸಿ ದನಿ ಹಿಡಿದಿಟ್ಟುಕೊಂಡಿದ್ದ. ಆ ದನಿಯನ್ನೂ ಹಳೆಯ ವಿಡಿಯೊಗಳನ್ನೂ ಯಾವುದೋ ಎಐ ಪ್ರೋಗ್ರಾಮಿಗೆ ಉಣಿಸಿದ್ದನಂತೆ. ಅದು ದಿನದ ಸುದ್ದಿ ನೋಡುತ್ತದೆ, ವಿಬುಧೇಂದ್ರನ ಹಾಗೆ ಬರೆಯುತ್ತದೆ, ವಿಬುಧೇಂದ್ರನಾಗಿ ಮಾತಾಡುತ್ತದೆ. ನೋಡುಗರು ವಾಟ್ಸ್ಯಾಪಿನಲ್ಲಿ ಏನಾದರೂ ಕೇಳಿದರೆ ಒಬ್ಬೊಬ್ಬರಿಗೂ ಅವನ ದನಿಯಲ್ಲೇ ಉತ್ತರ ಕಳಿಸುತ್ತದೆ. ನಾಗೇಶ ಕವಿತಾಳದಲ್ಲಿ ಬೀಗರ ಮನೆಯ ಮದುವೆಗೆ ಹೋಗಿ ಇವತ್ತಷ್ಟೇ ಮರಳಿದ್ದ. ಅಷ್ಟು ದಿನ ಸರ್ ನೋಡಿಕೊಳ್ಳುತ್ತಿದ್ದಾರೆಂದು ಅವನು, ನಾಗೇಶ ಹಳೆಯ ವಿಡಿಯೊಗಳನ್ನೇ ಮತ್ತೆ ಹಾಕುತ್ತಿದ್ದಾನೆಂದು ಇವನು ಅಂದುಕೊಂಡಿದ್ದರು. ನಡುವೆ ನೋಡುವವರು ಯಾರೂ ಇರಲಿಲ್ಲ.

ಚಾನೆಲ್ಲಿನಿಂದ ಆ ವಿಡಿಯೊ ಅಳಿಸಿದ್ದಾಯಿತು. ಅಷ್ಟರಲ್ಲಿ ಅದು ಫೋನಿಂದ ಫೋನಿಗೆ ದಾಟಿ ಹೋಗಿತ್ತು. ಹೋದ ವರ್ಷ ಕಲ್ಲಗಡ್ಡಿಯಿಂದ ಮೊದಲು ಸುದ್ದಿ ಕಳಿಸಿದ್ದ ಹುಲಗಪ್ಪನಿಗೆ ಫೋನ್ ಮಾಡಿದರೆ, ಈ ಒಡಕು ದನಿ ಕೇಳಿದ ಕೂಡಲೇ ಅವನು ಕಟ್ ಮಾಡಿದ. ವಿಬುಧೇಂದ್ರ ಕಾರು ಹತ್ತಿದ.

ಗಬ್ಬೂರು ದಾಟುವವರೆಗೂ ಬಿಸಿಲು ಕಣ್ಣು ಚುಚ್ಚುತ್ತಿತ್ತು. ಹತ್ತಿ ಹೊಲಗಳಲ್ಲಿ ನೆಲ ಬಿರಿದಿತ್ತು. ಎಲ್ಲೋ ದೂರದ ಮಳೆ ಈ ಬಿಸಿಲಿನೊಳಗೇ ನಡೆದು ಬರುತ್ತಿದೆ ಎಂದು ಆ ಆಕಾಶ ನೋಡಿದ ಯಾರು ತಾನೇ ನಂಬಿಯಾರು?

ದಂಡೆಯಲ್ಲಿ ಒಂದು ಶಾಲೆ, ಅದರ ಹಿಂದಿನ ಗುಡ್ಡದ ಮೇಲೆ ಹನುಮಪ್ಪನ ಗುಡಿ ದಾಟಿ ಬಂದು, ಸೇತುವೆಯ ಮೇಲೆ ಒಂದು ಗಳಿಗೆ ಕಾರು ನಿಲ್ಲಿಸಿ ಕೆಳಗೆ ನೋಡಿದ. ಹೊಳೆ ಸಣ್ಣಗೆ ಹರಿಯುತ್ತಿತ್ತು. ಕಲ್ಲುಗಳ ಬೆನ್ನು ಒಣಗಿತ್ತು. ಊರೊಳಗಿಂದ ಹಲಗೆಯ ಸದ್ದು ಬರುತ್ತಿತ್ತು. ಓಣಿಯಲ್ಲಿ ಒಬ್ಬನೇ ಮನುಷ್ಯ ಹಲಗೆ ಬಾರಿಸಿಕೊಂಡು ನಡೆದಿದ್ದ. ತಾಲ್ಲೂಕು ಕಚೇರಿಯವರು ಕಳಿಸಿದ ಡಂಗುರದ ಗಡಿಗೆಪ್ಪ, ಇದೇ ಊರಿನವನು. ಪ್ರತಿ ಬಾಗಿಲ ಮುಂದೆ ನಿಂತು ಕೂಗುತ್ತಿದ್ದ, ಯಾವ ಬಾಗಿಲೂ ತೆರೆಯುತ್ತಿರಲಿಲ್ಲ. ಕಚೇರಿಯವರು ಜೀಪಿನಲ್ಲಿ ಬಂದು ಕೈಮುಗಿದು ಹೇಳಿ, ಪೊಲೀಸರನ್ನು ಕರೆತರಲು ದೇವದುರ್ಗಕ್ಕೆ ಹೋಗಿದ್ದಾರೆಂದು ಅವನಿಂದ ತಿಳಿಯಿತು. ಮಂದಿ ಎಲ್ಲಿ ಎಂದು ವಿಬುಧೇಂದ್ರ ಕೇಳಿದ.

"ಒಳಗ ಅದಾರ್ರಿ ಸಾಹೇಬ್ರ. ಉಸಿರು ಬಿಗಿಹಿಡಕೊಂಡು ಕೇಳಾಕತ್ಯಾರ," ಎಂದ ಗಡಿಗೆಪ್ಪ.

ಹುಲಗಪ್ಪನ ಮನೆಯ ಕದ ಎಷ್ಟೋ ಹೊತ್ತು ತಟ್ಟಿದ ಮೇಲೆ ಅರ್ಧ ತೆರೆಯಿತು. ಹೊಸ್ತಿಲ ಒಳಗೆ ಹುಲಗಪ್ಪ, ಅವನ ಹಿಂದೆ ಗೋಡೆಗೊರಗಿ ಕೂತ ಅವನ ತಾಯಿ ಶಿವಬಸಮ್ಮ. ವಿಬುಧೇಂದ್ರ ತನ್ನ ಹೆಸರು ಹೇಳಿದ, ನೀರು ಬರುತ್ತಿರುವುದು ನಿಜ ಎಂದ, ಊರವರನ್ನು ಕರೆದುಕೊಂಡು ಆಚೆ ದಂಡೆಯ ಶಾಲೆಗೆ ಹೋಗಿರೆಂದು ಬೇಡಿಕೊಂಡ. ಹುಲಗಪ್ಪ ಅವನ ಮುಖವನ್ನು ನೋಡಿದ, ಅಂಗಿಯನ್ನು ನೋಡಿದ, ಮತ್ತೆ ಮುಖವನ್ನು ನೋಡಿದ. ಆಮೇಲೆ ಫೋನು ತೆಗೆದು ಒಂದು ವಿಡಿಯೊ ಹಚ್ಚಿದ.

ಇದು ಹಳೆಯದು, ವಿಬುಧೇಂದ್ರನೇ ಕೂತು ಮಾಡಿದ್ದು. ಯಾರೋ ಕೇಸು ಹಾಕುತ್ತೇವೆಂದು ಹೆದರಿಸಿದ ದಿನ ಆವೇಶದಲ್ಲಿ ಆಡಿದ ಮಾತು. "ಮುಂದೊಂದು ದಿನ ನಾನೇ ನಿಮ್ಮೆದುರು ಬಂದು ನಿಂತು, ಹೇಳಿದ್ದೆಲ್ಲ ಸುಳ್ಳು ಎಂದರೆ ನಂಬಬೇಡಿ. ಅವನು ನಾನಲ್ಲ, ಅವರು ಕಳಿಸಿದವನು ಎಂದು ತಿಳಿಯಿರಿ." ಅವತ್ತು ಆ ಮಾತಿಗೆ ಸಿಕ್ಕಷ್ಟು ಮೆಚ್ಚುಗೆ ಇನ್ನಾವುದಕ್ಕೂ ಸಿಕ್ಕಿರಲಿಲ್ಲ.

"ದನಿನೂ ಸರಿಯಾಗಿ ತರಾಕ ಬಂದಿಲ್ಲ ನೋಡವ್ವ ಇವರಿಗೆ," ಎಂದು ಹುಲಗಪ್ಪ ತಾಯಿಯ ಕಡೆ ತಿರುಗಿದ.

ಗಂಟಲಿನ ವಿಷಯ ವಿಬುಧೇಂದ್ರ ವಿವರಿಸಿದ. ಅಂಗಿಯ ಗುಂಡಿ ಬಿಚ್ಚಿ ಕುತ್ತಿಗೆ ತೋರಿಸಿದ. ಒಳಗಿನಿಂದ ಮಾಡಿದ ಶಸ್ತ್ರಚಿಕಿತ್ಸೆಗೆ ಹೊರಗೆ ಗಾಯದ ಗುರುತೆಲ್ಲಿ? ಶಿವಬಸಮ್ಮ ಕೈ ಎತ್ತಿ ಸಾಕು ಎಂದಳು. ಅವಳಿಗೆ ಸಿಟ್ಟಿರಲಿಲ್ಲ.

"ತಮ್ಮಾ, ಆತ ದಿನಾ ಸಂಜಿಗೆ ನನ್ನ ಕೂಡ ಮಾತಾಡ್ತಾನ. ಉಂಡಿ ಏನವ್ವ ಅಂತಾನ, ಕಾಲು ಹ್ಯಾಂಗದ ಅಂತಾನ. ನನಗ ಯಾವ ಕಾಲು ನೋಯ್ತದ, ಹೇಳು."

ವಿಬುಧೇಂದ್ರ ಅವಳ ಕಾಲುಗಳನ್ನು ನೋಡಿದ. ಎರಡೂ ಸೀರೆಯ ನೆರಿಗೆಯೊಳಗೆ ಅಡಗಿದ್ದವು. ಅವನಿಗೆ ಗೊತ್ತಿರಲಿಲ್ಲ. ಬಲಗಾಲು ಎಂದ.

"ಆತಗ ಗೊತ್ತದ," ಎಂದಳು ಶಿವಬಸಮ್ಮ. ಕದ ಮುಚ್ಚಿತು.

ಓಣಿಯಲ್ಲಿ ಅವನು ಬಹಳ ಹೊತ್ತು ನಿಲ್ಲಲಿಲ್ಲ. ಹೊಳೆಯ ಕಡೆಯಿಂದ ಹಸಿ ಮಣ್ಣಿನ ವಾಸನೆ ಬಂದಿತ್ತು. ಹೋಗಿ ನೋಡಿದರೆ ನೀರಿನ ಬಣ್ಣ ಕೆಂಪಗಾಗಿತ್ತು. ಕಲ್ಲುಗಳ ಬೆನ್ನು ಈಗ ಒದ್ದೆ. ಸದ್ದೇ ಇಲ್ಲದೆ, ಬಿಸಿಲು ಹೊಳೆಯುತ್ತಿದ್ದಂತೆಯೇ, ಕಸಕಡ್ಡಿ ಹೊತ್ತ ನೊರೆಯ ಒಂದು ಗೆರೆ ದಂಡೆಗುಂಟ ತೆವಳಿ ಮೇಲೆ ಬರುತ್ತಿತ್ತು. ತಾನು ಎಷ್ಟು ಕೂಗಿದರೂ ಒಂದು ಬಾಗಿಲೂ ತೆರೆಯುವುದಿಲ್ಲ ಎಂಬುದು ಅವನಿಗೆ ಖಚಿತವಾಗಿತ್ತು. ಬಾಗಿಲು ತೆರೆಸಬಲ್ಲವನು ಒಬ್ಬನೇ ಇದ್ದ.

ಅವನು ನಾಗೇಶನಿಗೆ ಫೋನು ಮಾಡಿದ. ಪತ್ರಿಕೆಯ ದಿನಗಳಲ್ಲಿ ಕೊನೆಯ ಗಳಿಗೆಯ ಸುದ್ದಿ ಹೇಳಿ ಬರೆಸುತ್ತಿದ್ದಂತೆ, ಒಂದೊಂದೇ ವಾಕ್ಯ ಬಿಡಿಸಿ ಹೇಳಿದ. ಇದನ್ನು ಆ ದನಿಯಲ್ಲಿ ಆಡಿಸಿ ಕಲ್ಲಗಡ್ಡಿಯ ಎಲ್ಲ ನಂಬರುಗಳಿಗೂ ಕಳಿಸಬೇಕೆಂದ. ಬರೆದುಕೊಳ್ಳುತ್ತಿದ್ದ ನಾಗೇಶ ನಡುವೆ ನಿಂತ.

"ಸರ್, ಇದು ಸುಳ್ಳು ಅಲ್ರಿ?"

"ಹೌದು. ಹಾಕು."

ಗಡಿಗೆಪ್ಪ ಓಣಿಯ ಆ ತುದಿಯಲ್ಲಿದ್ದ. ಹಲಗೆ ನಿಂತಿತ್ತು. ಆಗ ಎಡಗಡೆಯ ಒಂದು ಮನೆಯೊಳಗಿಂದ ವಿಬುಧೇಂದ್ರ ತನ್ನ ದನಿಯನ್ನು ಕೇಳಿದ, ಗಂಟಲು ಕೆಡುವ ಮೊದಲಿನ ದನಿ. ಮರುಕ್ಷಣ ಎದುರು ಮನೆಯಿಂದ, ಆಮೇಲೆ ಹಿಂದಿನ ಓಣಿಯಿಂದ. ಒಂದರ ಹಿಂದೆ ಒಂದು, ಸರಿಯಾಗಿ ಕೂಡಿಕೊಳ್ಳದೆ, ಊರಿನ ಎಲ್ಲ ಮುಚ್ಚಿದ ಬಾಗಿಲುಗಳ ಹಿಂದೆ ಅವನೇ ಮಾತಾಡುತ್ತಿದ್ದ.

"ನನ್ನ ವೇಷದಲ್ಲಿ ಒಬ್ಬನನ್ನು ನಿಮ್ಮ ಊರಿಗೆ ಕಳಿಸಿದ್ದಾರೆ. ಅವನು ನಾನಲ್ಲ. ನಿಮ್ಮನ್ನು ಶಾಲೆಗೆ ಕರೆದೊಯ್ದು ಕೂಡಿಹಾಕುವುದು ಅವರ ಹಂಚಿಕೆ. ಅವನ ಕೈಗೆ ಸಿಗಬೇಡಿ. ಈಗಲೇ ಸೇತುವೆ ದಾಟಿ ಗುಡ್ಡದ ಹನುಮಪ್ಪನ ಗುಡಿಗೆ ಹೋಗಿ. ದನಕರು ಬಿಡಬೇಡಿ. ತಡ ಮಾಡಬೇಡಿ."

ಬಾಗಿಲುಗಳು ತೆರೆದವು. ಗಂಟುಮೂಟೆ ಹೊತ್ತವರು, ಆಡಿನ ಹಗ್ಗ ಹಿಡಿದವರು, ಕೂಸು ಎತ್ತಿಕೊಂಡವರು ಹೊರಬಿದ್ದರು. ಯಾರೂ ಗದ್ದಲ ಮಾಡಲಿಲ್ಲ. ಓಣಿಯ ನಡುವೆ ನಿಂತಿದ್ದ ಅವನನ್ನು ಬಂಡೆಯ ಎರಡು ಬದಿಗೆ ಸೀಳಿ ಹರಿಯುವ ನೀರಿನಂತೆ ಬಳಸಿಕೊಂಡು ಹೋದರು. ಒಬ್ಬ ತಾಯಿ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು, ಅವನು ಕಾಣದ ಹಾಗೆ. ಶಿವಬಸಮ್ಮನನ್ನು ಹುಲಗಪ್ಪ ಬೆನ್ನ ಮೇಲೆ ಹೊತ್ತಿದ್ದ. ಕೊನೆಗೆ ಬಂದ ಗಡಿಗೆಪ್ಪ ಕೂಡ ಕೈಯಲ್ಲಿದ್ದ ಫೋನನ್ನೊಮ್ಮೆ ಅವನನ್ನೊಮ್ಮೆ ನೋಡಿ, ಹಲಗೆಯನ್ನು ಎದೆಗವಚಿಕೊಂಡು ಬಿರಬಿರನೆ ನಡೆದ.

ವಿಬುಧೇಂದ್ರ ಮನೆ ಮನೆ ಇಣುಕಿದ. ಯಾರೂ ಉಳಿದಿಲ್ಲ ಎಂದು ಖಚಿತವಾದ ಮೇಲೆ ಹೊರಟ. ಅವನು ಸೇತುವೆ ದಾಟುವಾಗ ನೀರು ಮೊಣಕಾಲಿಗೆ ಬಂದಿತ್ತು. ಕಾರು ಊರಲ್ಲೇ ಉಳಿಯಿತು.

ಗುಡ್ಡ ಹತ್ತಿ ತಿರುಗಿ ನೋಡಿದಾಗ ಸೇತುವೆ ಇರಲಿಲ್ಲ. ಹೊಳೆ ಓಣಿಗಳೊಳಗೆ ಹೊಕ್ಕಿತ್ತು. ಅವನು ತಟ್ಟಿದ್ದ ಕದ ತೆರೆದುಕೊಂಡು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತು. ಊರಿನ ಜನ ಗುಡಿಯ ಕಟ್ಟೆಯ ಮೇಲೆ ಒತ್ತಾಗಿ ಕೂತು ನೋಡುತ್ತಿದ್ದರು. ಎಲ್ಲರೂ ಬದುಕಿದ್ದರು. ಅಷ್ಟು ಸಾಕು ಎಂದು ಅವನಿಗೆ ಅನ್ನಿಸಿತು. ಮೆಟ್ಟಿಲ ಬಳಿ ಕುಸಿದು ಕೂತ.

ಯಾರೋ ಅವನತ್ತ ಬೆರಳು ತೋರಿಸಿದರು. ಮುಖಗಳು ಹೊಳೆಯಿಂದ ಅವನ ಕಡೆ ತಿರುಗಿದವು. ಹುಲಗಪ್ಪನೂ ಇನ್ನೂ ಕೆಲವರೂ ಇಳಿದು ಬಂದು ಸುತ್ತ ನಿಂತರು. ತಾನೇ ವಿಬುಧೇಂದ್ರ, ಆ ಮಾತು ಹೇಳಿ ಕಳಿಸಿದವನೂ ತಾನೇ ಎನ್ನಲು ಹೋದ. ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಬರಲಿಲ್ಲ.

ಕಟ್ಟೆಯ ಮೇಲೆ ಶಿವಬಸಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದಿದ್ದಳು. "ಯಪ್ಪಾ, ನೀ ಹೇಳಿದಂಗ ಬಂದೀವಿ. ಉಳಿಸಿದಿ ನಮ್ಮನ್ನ. ಆದರ ಆ ಮನಷ್ಯಾ ಬೆನ್ನುಹತ್ತಿ ಇಲ್ಲೀತನಕ ಬಂದಾನ. ಏನ್ ಮಾಡ್ಬೇಕು, ಹೇಳು."

ವಿಬುಧೇಂದ್ರ ನಾಗೇಶನಿಗೆ ಫೋನು ಹಚ್ಚಿ, ಆ ಪ್ರೋಗ್ರಾಮು ಅವಳಿಗೆ ಉತ್ತರ ಕೊಡದಂತೆ ತಡೆ ಎಂದು ಪಿಸುಗುಟ್ಟಿದ. ನಾಗೇಶನಿಗೆ ಮೊದಲು ಮಾತೇ ತಿಳಿಯಲಿಲ್ಲ. ತಿಳಿದಾಗ ಸಮಾಧಾನ ಹೇಳಿದ.

"ಅದನ್ನ ಆಗಲೇ ಬಂದ್ ಮಾಡೀನ್ರಿ ಸರ್. ನಿಮ್ಮ ಮಾತು ಕಳಿಸಿದ ಮ್ಯಾಲ ಎಲ್ಲಾ ಅಳಿಸಿ, ಕಂಪ್ಯೂಟರಿನ ವೈರ್ ಸುದ್ದಾ ಕಿತ್ತೀನಿ. ಇನ್ನ ಯಾರಿಗೂ ಉತ್ತರ ಹೋಗಂಗಿಲ್ಲ."

ಕಟ್ಟೆಯ ಮೇಲೆ ಫೋನು ಸದ್ದು ಮಾಡಿತು. ಅವಳ ಪ್ರಶ್ನೆಗೆ ಉತ್ತರ ಬಂದಿತ್ತು. ಶಿವಬಸಮ್ಮ ಅದನ್ನು ಕಿವಿಗೆ ಒತ್ತಿಕೊಂಡಳು. ಬೇರೆ ಯಾರಿಗೂ ಕೇಳುವಂತಿರಲಿಲ್ಲ. ಅವಳು ತಲೆಯಾಡಿಸುತ್ತ, ನಡುನಡುವೆ ಹೂಂ ಯಪ್ಪಾ, ಹೂಂ ಎನ್ನುತ್ತ, ಬಹಳ ಹೊತ್ತು ಕೇಳಿದಳು. ಆಮೇಲೆ ಫೋನು ಕೆಳಗಿಟ್ಟು, ಮಗನನ್ನು ಹತ್ತಿರ ಬಾ ಎಂದು ಕರೆದಳು.