ಬೀಳಬಾರದ ನಾಯಕ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಜೇಡದಮ್ಮ ಎನ್ನುತ್ತಿದ್ದರು. ಅಂತರಿಕ್ಷ ಯುದ್ಧದ ಸಿನಿಮಾವೊಂದನ್ನು ವಿಡಿಯೋ ಗೇಮ್ ಮಾಡುವ ಕೆಲಸ ಆ ಆಫೀಸಿಗೆ ಬಂದಿತ್ತು. ಅದರ ಕೊನೆಯ ಕಾಳಗಕ್ಕೆ ಬರುವ ಕಬ್ಬಿಣದ ಜೇಡವನ್ನು ವರ್ಷಗಟ್ಟಲೆ ಹೆತ್ತ ಮಗುವಿನಂತೆ ಬೆಳೆಸಿದವಳು ಇವಳೇ. ಹೊಡೆಯಲು ಕಾಲೆತ್ತುವ ಮೊದಲು ಜೇಡ ಒಮ್ಮೆ ಕಣ್ಣು ಮಿಟುಕಿಸುತ್ತದೆ; ಆಗಲೇ ಪಕ್ಕಕ್ಕೆ ಹಾರಬೇಕು. ಆಡುತ್ತಾ ಹತ್ತಾರು ಸಲ ಸತ್ತವನಿಗಷ್ಟೇ ಆ ಗುಟ್ಟು ಸಿಗುತ್ತದೆ. ಆಟದ ಜೀವವೇ ಅದು.

ಆ ಜೀವಕ್ಕೇ ಕತ್ತರಿ ಹಾಕಲು ನಾಯಕನಟನ ಮ್ಯಾನೇಜರ್ ಬಂದು ಕೂತ. ಆಟದ ನಾಯಕನಿಗೆ ಆ ನಟನದೇ ಮುಖ ಅಂಟಿಸಿದ್ದರಲ್ಲ!

"ನಮ್ಮ ಹೀರೋ ಬೀಳಬಾರದು. ಒಪ್ಪಂದದಲ್ಲೇ ಇದೆ."

"ಬೀಳದೆ ಆಡೋದು ಹೇಗೆ ಸಾರ್?" ಎಂದಳು ಅವಳು. "ಮಂಡಿಯಾದ್ರೂ ಊರಬಹುದಾ?"

"ಊರಬಾರದು."

"ಏದುಸಿರು ಬಿಡಬಹುದಾ?"

"ಒಂದ್ಸಲ," ಎಂದ ಆ ಮಹಾನುಭಾವ, ದೊಡ್ಡ ಮನಸ್ಸು ಮಾಡಿ.

ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಪಕ್ಕದಲ್ಲಿ ಅವಳ ಬಾಸ್ ಹಲ್ಲು ಕಿರಿದು ತಲೆಯಾಡಿಸಿದ್ದು ಇನ್ನೂ ಉರಿಸಿತು. ತನ್ನ ಹಲ್ಲು ಕಚ್ಚಿಕೊಂಡು ಜೇಡದ ಹಲ್ಲು ಕಿತ್ತಳು. ಈಗ ಅದು ಎಷ್ಟು ಒದ್ದರೂ ನಾಯಕನ ಕೂದಲೂ ಕೊಂಕುವುದಿಲ್ಲ.

ಒಂದು ದಿನ ನಟ ಖುದ್ದಾಗಿ ಆಡಿ ನೋಡಲು ಬಂದ. ಸೋಫಾದಲ್ಲಿ ಕೂತು ಒಂದಷ್ಟು ಗುಂಡಿ ಒತ್ತಿದ. ಆಮೇಲೆ ಆಕಳಿಸಿದ.

"ಏನ್ರೀ ಇದು? ಸುಮ್ನೆ ನಿಂತ್ರೂ ಗೆಲ್ತೀನಲ್ಲ?"

ಮ್ಯಾನೇಜರ್ ಕಣ್ಣೂ ಮಿಟುಕಿಸದೆ ಅವಳತ್ತ ಕೈ ತೋರಿಸಿದ. "ಮಾಡಿದ್ದು ಇವರೇ ಸಾರ್."

ಅವಳ ಪಿತ್ತ ನೆತ್ತಿಗೇರಿತು. ತನ್ನ ಕಂಪ್ಯೂಟರಿನಲ್ಲಿ ಜೋಪಾನವಾಗಿ ಎತ್ತಿಟ್ಟಿದ್ದ ಹಳೆಯ ಜೇಡವನ್ನು ಪರದೆಗೆ ಬಿಟ್ಟಳು. ಮೊದಲ ಏಟಿಗೇ ನಾಯಕ ಅಂಗಾತ ಬಿದ್ದ. ಬಾಸ್ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಸತ್ನಲ್ಲ!" ನಟ ಗಹಗಹಿಸಿದ. "ಇನ್ನೊಂದ್ಸಲ!"

ಊಟದ ಹೊತ್ತು ಮೀರಿದರೂ ಆಸಾಮಿ ಏಳಲಿಲ್ಲ. ಬಿದ್ದ, ಬೈದ, ಮತ್ತೆ ಬಿದ್ದ. ಕೊನೆಗೆ "ಕಣ್ಣು! ಅದು ಕಣ್ಣು ಮಿಟುಕಿಸುತ್ತೆ!" ಎಂದು ಮಕ್ಕಳ ಹಾಗೆ ಕೂಗಿ ಜೇಡವನ್ನು ಉರುಳಿಸಿದ. ಬೆವರು ಒರೆಸಿಕೊಂಡು ಅವಳ ಕೈ ಕುಲುಕಿದ. ನನ್ನ ಆಟ ಉಳಿಯಿತು ಅಂದುಕೊಂಡಳು, ಪಾಪ.

"ಇಷ್ಟು ಮಜಾ ಯಾವತ್ತೂ ಬಂದಿರಲಿಲ್ಲ ತಂಗೀ," ಎಂದ ಅವನು ಬಾಗಿಲಲ್ಲಿ ನಿಂತು. "ಇದನ್ನ ನಮ್ಮನೆಗೆ ಕಳಿಸಿಕೊಡು. ಜನಕ್ಕೆ ಮಾತ್ರ ಆ ಇನ್ನೊಂದೇ ಇರಲಿ. ನಾನು ಬೀಳೋದನ್ನ ಅವರು ನೋಡಬಾರದು."