ಒಂದೇ ಕಂಬಳಿಯ ಕತೆ

ತಮಿಳುನಾಡಿಗೆ ಸೇರಿದ ತಾಳವಾಡಿಯ ಕಡೆ ಶ್ರಾವಣದ ಮೂರನೇ ವಾರ. ತಾಳಮಲೆಯ ಕಡೆಯಿಂದ ಬೀಸುವ ಗಾಳಿಯಲ್ಲಿ ಮಳೆಯ ವಾಸನೆ ಇತ್ತೇ ಹೊರತು ಒಂದು ಹನಿ ಉದುರಿರಲಿಲ್ಲ. ರುದ್ರಸ್ವಾಮಿಯವರ ಮೇಗಲ ಹೊಲದಲ್ಲಿ ರಾಗಿ ಗೇಣುದ್ದ ಎದ್ದಿತ್ತು. ಅದರ ಸಂದಿನಲ್ಲಿ ಅದಕ್ಕಿಂತ ಹುರುಪಾಗಿ ಕಳೆ ಎದ್ದಿತ್ತು. ಹೊತ್ತು ಮಾರುದ್ದ ಏರುವುದರೊಳಗೆ ಆರು ಜನ ಹೆಂಗಸರು ಸಾಲು ಹಿಡಿದು ಕೂತಿದ್ದರು. ಕಳೆ ಕೀಳುವುದು, ಬೇರಿನ ಮಣ್ಣು ಕೊಡವಿ ಪಕ್ಕಕ್ಕೆ ಎಸೆಯುವುದು, ಕುಕ್ಕುರುಗಾಲಲ್ಲೇ ಒಂದು ಮೊಳ ಮುಂದಕ್ಕೆ ಜರುಗುವುದು.

ಮೊದಲನೇ ಸಾಲು ಎಂದಿನಂತೆ ಪುಟ್ಟಮಾದಮ್ಮನದು. ಅವಳ ಬಲಗಡೆಯ ಸಾಲಿನಲ್ಲಿ ಯಾರೂ ಇರಲಿಲ್ಲ. ಅದು ಹೊಲದ ಒಡತಿ ಶಿವಮಲ್ಲಮ್ಮನ ಸಾಲು. ಅವಳು ಹಟ್ಟಿಯ ಕೆಲಸ ಮುಗಿಸಿ, ಕಾಫಿ ಹಿಡಿದುಕೊಂಡು ಬಂದು, ಆಮೇಲೆ ಕೂರುವುದು. ಮೂವತ್ತು ವರ್ಷದಿಂದಲೂ ಹಾಗೆ. ಅವಳು ಬರುವಷ್ಟರಲ್ಲಿ ಅವಳ ಸಾಲು ಹಿಂದೆ ಬೀಳಬಾರದು ಎಂದು ಪುಟ್ಟಮಾದಮ್ಮ ಎಡಗೈಯಲ್ಲಿ ತನ್ನದನ್ನೂ ಬಲಗೈಯಲ್ಲಿ ಅದನ್ನೂ ಕಿತ್ತುಕೊಂಡು ಹೋಗುತ್ತಿದ್ದಳು. ಇವತ್ತೂ ಕೈ ತಾನಾಗಿ ಅತ್ತ ಹೋಗಿತ್ತು. ಮನಸ್ಸು ಬೇಡ ಎಂದರೂ ಕೈಗೆ ಗೊತ್ತಾಗಬೇಕಲ್ಲ.

ಕೆಲಸವೆಲ್ಲ ಹಾಗೇ ಇತ್ತು. ಇಲ್ಲದ್ದು ಮಾತು.

ಹಿಂದಿನ ವರ್ಷದವರೆಗೆ ಈ ಸಾಲಿನ ನಗು ಕೆಳಗಿನ ರಸ್ತೆಯ ಬಸ್ಸಿನವರಿಗೂ ಕೇಳುತ್ತಿತ್ತು. ರಾಗಿ ಕಳೆಗೆ ಕೂತಾಗ ಹೇಳುವುದಕ್ಕೆ ಇವರಲ್ಲಿ ಒಂದು ಕತೆ ಇತ್ತು. ಗಂಡಸರು ಕೂಗಳತೆಯಲ್ಲಿ ಇದ್ದರೆ ಹೇಳುವಂತಿಲ್ಲ, ಅಂಥ ಕತೆ. ಮೊದಲೂ ಕೊನೆಯೂ ಯಾರು ಹೇಳಿದರೂ ಒಂದೇ. ಬೀಗನೊಬ್ಬ ಹೆಣ್ಣು ಕೇಳುವುದಕ್ಕೆ ಬರುತ್ತಾನೆ, ಮಳೆ ಹಿಡಿದುಕೊಳ್ಳುತ್ತದೆ, ಅಲ್ಲೇ ಉಳಿಯುತ್ತಾನೆ. ಮನೆಯಲ್ಲಿ ಏಳು ಜನ, ಕಂಬಳಿ ಒಂದೇ. ಬೆಳಿಗ್ಗೆ ಬೀಗ ಎದ್ದು, ಪಂಚೆ ಸರಿಮಾಡಿಕೊಂಡು ಕೇಳುತ್ತಾನೆ: "ಅದೆಲ್ಲ ಇರ್ಲಿ, ಕಂಬಳಿ ಯಾರ್ದು?" ನಡುವೆ ಆ ಕಂಬಳಿಯನ್ನು ಯಾರು ಎಳೆದರು, ಯಾರ ಮಗ್ಗುಲಿಗೆ ಯಾರು ಉರುಳಿದರು ಎನ್ನುವುದೆಲ್ಲ ಹೇಳುವವಳ ತಾಕತ್ತು. ಅತ್ತೆ, ಮಾವ, ಮೈದುನ, ದೇವರ ಪೂಜೆಗೆ ಬಂದ ಅಯ್ಯ, ಯಾರಿಗೂ ಅದರಲ್ಲಿ ರಿಯಾಯಿತಿ ಇರಲಿಲ್ಲ.

ಆದರೆ ಎರಡು ಕಟ್ಟಳೆ ಇದ್ದವು. ಒಂದು, ಹೇಳುವವಳು ತನ್ನ ಮನೆಯವರನ್ನೇ, ತನ್ನ ನೆಂಟರನ್ನೇ ಕಂಬಳಿಯೊಳಕ್ಕೆ ಹಾಕಬೇಕು. ಇನ್ನೊಬ್ಬರ ಮನೆಯವರನ್ನು ಹಾಕಿದರೆ ಅದು ಬೈಗುಳ. ಎರಡು, ಕೇಳಿದವಳು ಹೇಳಲೇಬೇಕು; ಕೇಳಿ ಎದ್ದು ಹೋದರೆ ಅವಳು ಬಾಕಿದಾರಳು. ಹೀಗೆ ಒಬ್ಬೊಬ್ಬರ ಮಾನವೂ ಉಳಿದವರ ಮಡಿಲಲ್ಲಿ ಅಡವು ಇರುತ್ತಿತ್ತು. ಯಾರೂ ಯಾರನ್ನೂ ಆಡಿಕೊಳ್ಳುವಂತಿರಲಿಲ್ಲ. ಆ ಸಾಲಿನಲ್ಲಿ ಕೂತಷ್ಟು ಹೊತ್ತು ಪುಟ್ಟಮಾದಮ್ಮನಿಗೆ ಒಡತಿಯೂ ಒಬ್ಬ ಹೆಂಗಸು, ಅಷ್ಟೇ.

ಹೋದ ಶ್ರಾವಣದಲ್ಲಿ ಶಿವಮಲ್ಲಮ್ಮನ ಮಗಳು ಶಿವರಂಜನಿ ಚೆನ್ನೈನಿಂದ ಕ್ಯಾಮೆರಾ ತಂದಳು. ಅಲ್ಲಿ ಅವಳು ಓದಿದ್ದೂ ಅದೇ, ಮಾಡುತ್ತಿದ್ದದ್ದೂ ಅದೇ. ಹುಟ್ಟಿದಾಗ ಅವಳಿಗೆ ನೀರು ಹಾಕಿ ಮೀಯಿಸಿದವಳು ಪುಟ್ಟಮಾದಮ್ಮ.

"ಪುಟ್ಟವ್ವ, ಆ ಕಂಬಳಿ ಕತೆ ಮೇಲೆ ಒಂದು ಡಾಕ್ಯುಮೆಂಟರಿ ಮಾಡ್ತಾ ಇದೀನಿ," ಎಂದಳು. "ಒಂದೇ ಕತೆ, ಬೇರೆ ಬೇರೆಯವರ ಬಾಯಲ್ಲಿ. ಸ್ಟೇಜ್ ಮೇಲೆ ನಗಿಸೋ ಕಾಮಿಡಿಯವರೂ ಇರ್ತಾರೆ."

"ಅಯ್ಯೋ ಕೂಸೇ, ಸಿನ್ಮಾ ಪಡ ತಗಿಯೋವಂತ ಕತೆಯ ಅದು? ಎಕ್ಕಡ ತಕಂಡು ಒಡೀತಾರೆ ಕಣ."

"ನಗ್ತಾರೆ, ಪುಟ್ಟವ್ವ. ನಿನ್ನಂಗೆ ಯೋಳೋರು ಅಲ್ಲಿ ಒಬ್ರೂ ಇಲ್ಲ."

ಪುಟ್ಟಮಾದಮ್ಮ ಕೈಯ ಮಣ್ಣು ಕೊಡವಿದಳು. "ಆಕುದ್ರೆ ಎಲ್ರುದ್ನೂ ಆಕ್ಬೇಕು. ಇಲ್ದಿದ್ರೆ ಯಾರ್ದೂ ಬ್ಯಾಡ. ಮಣ್ಣು ಮುಟ್ಟು ಮತ್ತೆ."

ಶಿವರಂಜನಿ ನಗುತ್ತಲೇ ಬಗ್ಗಿ ಮಣ್ಣು ಮುಟ್ಟಿದಳು.

ಅವತ್ತು ಪುಟ್ಟಮಾದಮ್ಮ ತನ್ನ ಮಗಳು ಪರಿಮಳಳ ಅತ್ತೆಯನ್ನೇ ಕಂಬಳಿಯೊಳಕ್ಕೆ ಹಾಕಿದಳು. ಬೀಗಿತ್ತಿ ಚಿಕ್ಕಮಾದಮ್ಮ ಗೊರಕೆ ಹೊಡೆಯುವವಳು. ಆ ಗೊರಕೆ ಎಲ್ಲಿ ನಿಂತಿತು, ಯಾಕೆ ನಿಂತಿತು ಎಂಬುದನ್ನು ಪುಟ್ಟಮಾದಮ್ಮ ಕಾಲು ಗಂಟೆ ಎಳೆದಳು. ಒಡತಿಯ ಆಚೆ ಸಾಲಿನ ಮೀನಾ ನಕ್ಕು ನಕ್ಕು ರಾಗಿ ಪೈರಿನ ಮೇಲೇ ಕೂತುಬಿಟ್ಟಳು. ಆಮೇಲೆ ಮೀನಾ ಹೇಳಿದಳು. ಆಮೇಲೆ ಶಿವಮಲ್ಲಮ್ಮ. ಊರನ್ನೇ ನಡುಗಿಸಿದ್ದ ತನ್ನ ಸತ್ತ ಅತ್ತೆಯನ್ನೂ, ಮನೆಗೆ ಪಾದಪೂಜೆಗೆಂದು ಬಂದ ಮಠದ ಅಯ್ಯನನ್ನೂ, ಕೊಟ್ಟಿಗೆಯ ಹೋರಿಕರುವನ್ನೂ ಅವಳು ಒಂದೇ ಕಂಬಳಿಗೆ ಸೇರಿಸಿದಳು. ಮೂವತ್ತು ವರ್ಷದಲ್ಲಿ ಅಷ್ಟು ಹೊಲಸಾಗಿ ಆ ಕತೆಯನ್ನು ಯಾರೂ ಹೇಳಿರಲಿಲ್ಲ. ಪುಟ್ಟಮಾದಮ್ಮನ ಕಣ್ಣಲ್ಲಿ ನೀರು ಬಂತು. "ಅವ್ವಾ, ನಿನ್ ಬಾಯಿಗೆ ನಾನು ಸಾಟಿ ಅಲ್ಲ ಕಣವ್ವ!" ಎಂದು ಒಡತಿಯ ಬೆನ್ನಿಗೆ ಮಣ್ಣುಗೈಯಲ್ಲೇ ಒಂದು ಹಾಕಿದಳು. ಶಿವಮಲ್ಲಮ್ಮ ಆ ಮಣ್ಣನ್ನು ಸಂಜೆಯವರೆಗೂ ಒರೆಸಿಕೊಳ್ಳಲಿಲ್ಲ.

ಕ್ಯಾಮೆರಾದ ಹಿಂದಿದ್ದವಳ ಕಡೆ ತಿರುಗಿ ಪುಟ್ಟಮಾದಮ್ಮ ಅಂದಳು: "ಕೂಸೇ, ನೀನೂ ಕೇಳುಸ್ಕಂಡೆ. ಬಾಕಿ ಇಟ್ಕಬ್ಯಾಡ."

"ಆಮೇಲೆ ಯೋಳ್ತೀನಿ ಪುಟ್ಟವ್ವ."

ಪೊಂಗಲ್‌ಗೆ ನಾಲ್ಕು ದಿನ ಇದ್ದಾಗ ಪರಿಮಳ ಫೋನ್ ಮಾಡಿದಳು. ಚಾಮರಾಜನಗರದ ಆಚೆ ಅವಳ ಗಂಡನ ಊರು. ಎರಡನೇ ಹೆರಿಗೆಯಾಗಿ ಐದು ದಿನ, ಹೆಣ್ಣು ಮಗು. ಬಾಣಂತನಕ್ಕೆಂದು ಪುಟ್ಟಮಾದಮ್ಮ ಚೀಲ ಕಟ್ಟಿಟ್ಟಿದ್ದಳು: ಹರಳೆಣ್ಣೆ, ಮೆಣಸು, ಶುಂಠಿ, ಮಗುವಿಗೆ ಹಾಸಲು ತನ್ನ ಹಳೆಯ ಸೀರೆಗಳಲ್ಲಿ ಹೊಲಿದ ಕೌದಿ.

"ಅವ್ವಾ, ನೀ ಬರ್ಬ್ಯಾಡ," ಎಂದಳು ಪರಿಮಳ. "ನೀ ಅದೇನೋ ಮಾತಾಡಿರದು ಎಲ್ರ ಫೋನಲ್ಲೂ ಬಂದದೆ. ನಮ್ಮತ್ತೆ ಎಸ್ರು ಏಳಿದ್ದೀಯ. ನಮ್ಮತ್ತೆ ಮೂರ್ ದಿನದಿಂದ ನೀರು ತರಕ್ಕೂ ಈಚೆಗೆ ಓಗಿಲ್ಲ. ನಿಮ್ಮವ್ವ ನನ್ ಒಸ್ಲು ತುಳುದ್ರೆ ನಾನು ಈ ಮನೇಲಿ ಇರಕ್ಕಿಲ್ಲ ಅಂತಾವ್ರೆ."

"ಅದು ತಮಾಸೆ ಕಣ ಮಗಾ. ಎಲ್ರೂ ಏಳ್ದೊ. ಒಡತಮ್ಮನೂ ಏಳ್ತು."

"ಎಲ್ಲಿ ಏಳವ್ರೆ? ನೀ ಒಬ್ಳೇ ಕಣವ್ವ ಇರದು!"

ಪುಟ್ಟಮಾದಮ್ಮ ಅದನ್ನು ನಂಬಲಿಲ್ಲ. ಫೋನಿನಲ್ಲಿ ತುಂಡು ಮಾಡಿ ಹಾಕಿರುತ್ತಾರೆ, ಪೂರ್ತಿ ಪಡದಲ್ಲಿ ಎಲ್ಲರೂ ಇದ್ದೇ ಇರುತ್ತಾರೆ ಎಂದುಕೊಂಡಳು. ಶಿವರಂಜನಿ ಹಬ್ಬಕ್ಕೆ ಬಂದಿದ್ದಾಳೆಂದು ತಿಳಿದು ಒಡೆಯರ ಮನೆಗೆ ಹೋದಳು. ಜಗಲಿಯ ಕೆಳಗೆ ಕೂತಳು. ಶಿವರಂಜನಿ ಲ್ಯಾಪ್‌ಟಾಪ್ ತಂದು ಜಗಲಿಯ ಅಂಚಿನಲ್ಲಿಟ್ಟು, ಪೂರ್ತಿ ತೋರಿಸಿದಳು. ಶಿವಮಲ್ಲಮ್ಮ ಬಾಗಿಲ ಕಂಬಕ್ಕೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು.

ಮೊದಲು ಇಬ್ಬರು ಗಂಡಸರು ಬಂದರು. ದೊಡ್ಡ ವೇದಿಕೆ, ಬೆಳಕು. ಅದೇ ಕತೆಯನ್ನು ತಮಿಳಿನಲ್ಲಿ ಹೇಳಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಅವರ ಕಂಬಳಿಯಲ್ಲಿ ಅವರ ಮನೆಯವರು ಒಬ್ಬರೂ ಇರಲಿಲ್ಲ. ಯಾರೋ ಊರು, ಯಾರೋ ಹಳ್ಳಿಗರು. ಅವರ ಹೆಸರಿನ ಕೆಳಗೆ ಬರೆದಿದ್ದ ಅಕ್ಷರ ಏನೆಂದು ಪುಟ್ಟಮಾದಮ್ಮ ಕೇಳಿದಳು.

"ಹಾಸ್ಯ ಕಲಾವಿದರು ಅಂತ."

ಆಮೇಲೆ ಅವಳದೇ ಮುಖ, ಹಲ್ಲಿನ ಸಂದು ಕಾಣುವಷ್ಟು ಹತ್ತಿರ. ಕೆಳಗೆ ಏನು ಬರೆದಿದೆ ಎಂದು ಕೇಳಿದಳು. ಶಿವರಂಜನಿ ಪರದೆಯ ಕಡೆಗೇ ನೋಡುತ್ತಾ, "ಕೂಲಿ ಹೆಂಗಸು ಅಂತ," ಎಂದಳು.

ಮೀನಾಳದು ಅರ್ಧ ನಿಮಿಷ ಬಂತು. ಇನ್ನೂ ಯಾವುದೋ ಊರುಗಳ ನಾಲ್ಕಾರು ಹೆಂಗಸರು ಬಂದರು, ಎಲ್ಲ ಕೂಲಿಯವರೇ. ಕೊನೆಗೆ ಬದುವಿನ ಮೇಲೆ ಶಿವಮಲ್ಲಮ್ಮ ಕಾಣಿಸಿದಳು. ತಲೆಗೆ ಸೆರಗು ಹೊದ್ದು, ಕೈಯಲ್ಲಿ ಕಾಫಿಯ ಕ್ಯಾನು ಹಿಡಿದು, ಕೆಲಸ ಮಾಡುವವರನ್ನು ನೋಡಿ ಮುಗುಳ್ನಗುತ್ತ ನಿಂತಿದ್ದಳು. ಅಷ್ಟೇ. ಪಡ ಮುಗಿಯಿತು.

"ಅವ್ವಂದೆಲ್ಲಿ?" ಎಂದಳು ಪುಟ್ಟಮಾದಮ್ಮ.

"ಅದು... ಉದ್ದ ಆಗ್ತಿತ್ತು ಪುಟ್ಟವ್ವ."

"ಮಣ್ಣು ಮುಟ್ಟಿದ್ದಲ್ಲ ಕೂಸೇ."

ಶಿವರಂಜನಿ ತಾಯಿಯ ಕಡೆ ನೋಡಿದಳು. ಶಿವಮಲ್ಲಮ್ಮ ಕಾಯಿ ಸುಲಿಯುವುದನ್ನು ನಿಲ್ಲಿಸದೆ ಅಂದಳು: "ನಾನೇ ತೆಗ್ಸುದೆ ಕಣ ಪುಟ್ಟಮಾದಿ. ಅವ್ಳ್ನ ಯಾಕ್ ಕೇಳೀಯ? ನಮ್ ಮಗ ಉಮಾಶಂಕರನ್ಗೆ ಎಣ್ಣು ನೋಡ್ತಾವ್ರೆ. ಬೀಗ್ರು ಮಠದ ಕಡೆಯೋರು. ನಾನು ಅಯ್ಯನ್ನ ಅಂದಿರದು ಅವರ ಕಿವಿಗೆ ಬಿದ್ರೆ ಏನಾಗ್ಬೇಡ? ಮೂರ್ ದಿನ ಊಟ ಬುಟ್ಟು ಕೂತಿದ್ದೆ, ಆಮ್ಯಾಕೆ ಇವ್ಳು ಒಪ್ಪುದ್ಲು."

"ನಂಗೂ ಬೀಗ್ರು ಅವ್ರೆ ಅವ್ವಾ."

"ಅವ್ರೆ, ಇಲ್ಲ ಅಂದ್ನ? ನಿಮ್ಮಲ್ಲಿ ಇದೇನು ಅಂತ ದೊಡ್ಡ ಇಸ್ಯ ಆಗಕ್ಕಿಲ್ಲ ಅಂದ್ಕಂಡೆ."

ಬೈಗುಳವಾಗಿದ್ದರೆ ಪುಟ್ಟಮಾದಮ್ಮ ತಿರುಗಿಸಿ ಅನ್ನಬಹುದಿತ್ತು. ಶಿವಮಲ್ಲಮ್ಮ ಅದನ್ನು ಬೈಗುಳದ ಹಾಗೆ ಅಂದಿರಲಿಲ್ಲ. ಅವರೆಕಾಯಿ ಬಲಿತಿದೆ ಎನ್ನುವಷ್ಟು ಸಲೀಸಾಗಿ ಅಂದಿದ್ದಳು.

ಆದರೂ ಪುಟ್ಟಮಾದಮ್ಮ ಎದ್ದು ಬರಲಿಲ್ಲ. ಮೊಮ್ಮಗಳಿಗೆ ನೀರು ಹಾಕುವ ಆಸೆ ಅವಳನ್ನು ಅಲ್ಲೇ ಕೂರಿಸಿತ್ತು. "ಓಗ್ಲಿ, ಒಂದ್ ಮಾತು ನಡ್ಸಿಕೊಡಿ ಅವ್ವಾ. ನಮ್ ಬೀಗಿತ್ತಿಗೆ ಒಂದ್ ಫೋನ್ ಮಾಡಿ. 'ನಾನೂ ಏಳ್ದೆ, ಸಾಲಲ್ಲಿ ಎಲ್ರೂ ಏಳ್ತೀವಿ, ಅವರವರ ಮನೆಯವ್ರನ್ನೇ ಆಕಬೇಕು ಅನ್ನದು ಕಟ್ಟಳೆ' ಅಂತ ಅಷ್ಟೇ ಅನ್ನಿ. ನೀವಂದ್ರೆ ಅವರು ನಂಬ್ತಾರೆ."

"ಅದ್ಕೇನು, ಮಾಡು ಇಲ್ಲೇ," ಎಂದು ಶಿವಮಲ್ಲಮ್ಮ ಕೈ ಒರೆಸಿಕೊಂಡಳು.

ಶಿವರಂಜನಿ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಜಗಲಿಯ ಮೇಲಿಟ್ಟಳು. ಆ ಕಡೆ ಚಿಕ್ಕಮಾದಮ್ಮನ ದನಿ. ಅದರ ಹಿಂದೆ ಎಳೇ ಮಗು ಅಳುತ್ತಿತ್ತು. ಪುಟ್ಟಮಾದಮ್ಮ ಮೊಮ್ಮಗಳ ಅಳುವನ್ನು ಕೇಳಿದ್ದು ಅದೇ ಮೊದಲು.

"ನೋಡವ್ವ, ನಾನು ತಾಳವಾಡಿ ಕಡೆಯಿಂದ ಮಾತಾಡದು, ರುದ್ರಸ್ವಾಮಿಯೋರ ಮನೆಯಾಕೆ," ಎಂದಳು ಶಿವಮಲ್ಲಮ್ಮ. "ಪುಟ್ಟಮಾದಿ ಒಳ್ಳೆ ಎಂಗ್ಸು. ಮೂವತ್ತು ವರ್ಸದಿಂದ ನಮ್ ಒಲದಲ್ಲಿ ಗೇದವ್ಳೆ. ಕೈ ಸುದ್ದ. ಬಾಯಿ ಒಂದು ಇಂಗೆ, ಏನ್ ಮಾಡದು? ಗ್ಯಾನ ಇಲ್ದೆ ಏನೋ ಅಂದ್ಬುಟ್ಟವ್ಳೆ. ನೀನೇ ದೊಡ್ ಮನಸು ಮಾಡಿ ವಟ್ಟೆಗಾಕೋ ಕಣವ್ವ."

ಪುಟ್ಟಮಾದಮ್ಮ ಕೈ ಎತ್ತಿದಳು, 'ನಾನೂ ಏಳ್ದೆ' ಅನ್ನಿ ಎನ್ನುವಂತೆ. ಶಿವಮಲ್ಲಮ್ಮ ನೋಡಿದಳು. ನೋಡಿ, ಕಣ್ಣು ಅತ್ತ ತಿರುಗಿಸಿದಳು.

"ಅಂಗಾರೆ ಅಂದದ್ದು ದಿಟ ತಾನೇ, ಅಮ್ಮಾವ್ರೆ?" ಎಂದಿತು ಆ ಕಡೆಯ ದನಿ. "ನೀವೇ ಒಪ್ಕಂಡ್ರಿ. ಸಾಕು ಬುಡಿ." ಫೋನ್ ಕಟ್ಟಾಯಿತು, ಮಗುವಿನ ಅಳುವೂ ಅದರ ಜೊತೆಗೇ ನಿಂತುಹೋಯಿತು.

"ಏಳ್ದೆ ಕಣ, ಕೇಳುಸ್ಕಂಡ್ಯಲ್ಲ," ಎಂದು ಶಿವಮಲ್ಲಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದಳು. ಶಿವರಂಜನಿ ಮುಚ್ಚಿದ ಲ್ಯಾಪ್‌ಟಾಪಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸುತ್ತಾ ಇದ್ದಳು, ಧೂಳು ಹೋದ ಮೇಲೂ.

ಅದಾಗಿ ಏಳು ತಿಂಗಳು. ಮಗು ಮಗುಚಿಕೊಂಡು, ಅಂಬೆಗಾಲಿಡಲು ನೋಡುತ್ತಿತ್ತಂತೆ. ಪರಿಮಳ ಅತ್ತೆ ಇಲ್ಲದ ಹೊತ್ತು ನೋಡಿ ಫೋನಿನಲ್ಲಿ ತೋರಿಸುತ್ತಿದ್ದಳು. ಕೌದಿ ಟ್ರಂಕಿನಲ್ಲೇ ಇತ್ತು. ವೈಶಾಖದಲ್ಲಿ ಉಮಾಶಂಕರನ ಮದುವೆ ಆಯಿತು. ಪುಟ್ಟಮಾದಮ್ಮ ಚಪ್ಪರದ ಹಿಂದೆ ಎರಡು ದಿನ ಪಾತ್ರೆ ತೊಳೆದಳು. ಗೇಯದೆ ಇರಲು ಆಗುವುದಿಲ್ಲ, ಗೇಯಲು ಹತ್ತಿರದಲ್ಲಿ ಬೇರೆ ಹೊಲವೂ ಇರಲಿಲ್ಲ.

ಈಗ ಬದುವಿನ ಮೇಲೆ ಶಿವಮಲ್ಲಮ್ಮ ಕಾಣಿಸಿದಳು. ಜೊತೆಯಲ್ಲಿ ಹೊಸ ಸೊಸೆ ಮಂಗಳಗೌರಿ ಕಾಫಿಯ ಕ್ಯಾನು ಹಿಡಿದಿದ್ದಳು. ಹೆಂಗಸರು ತಮ್ಮ ತಮ್ಮ ಲೋಟ ತೊಳೆದು ಹಿಡಿದರು, ಸೊಸೆ ಮೇಲಿನಿಂದ ಹುಯ್ದಳು. ಕುಡಿದಾದ ಮೇಲೆ ಶಿವಮಲ್ಲಮ್ಮ ಸೀರೆ ಎತ್ತಿ ಕಟ್ಟಿ ತನ್ನ ಸಾಲಿಗೆ ಬಂದು ಕೂತಳು. ಅವಳ ಸಾಲು ಉಳಿದವರ ಸಮಕ್ಕೇ ಇತ್ತು. ಅದನ್ನು ನೋಡಿ ಅವಳ ಮುಖ ಅರಳಿತು.

"ಏನ್ರಮ್ಮಿ, ಸಾವಿನ ಮನೇಲಿ ಕೂತಂಗೆ ಕೂತಿದ್ದೀರಲ್ಲ! ಪುಟ್ಟಮಾದಿ, ಬಾಯಿ ಬುಡು. ಕಂಬಳಿ ಬಿಚ್ಚು, ನೋಡವ."

ಮೀನಾ ಕಿತ್ತ ಕಳೆಯನ್ನು ಕೈಯಲ್ಲೇ ಹಿಡಿದು ಕೂತಳು.

"ನಂದು ಸಂದಾಯ ಆಗೋಯ್ತು," ಎಂದಳು ಪುಟ್ಟಮಾದಮ್ಮ, ನೆಲದಿಂದ ಕಣ್ಣೆತ್ತದೆ. "ಲೋಕವೇ ನೋಡ್ಬುಡ್ತು. ಬಾಕಿ ಇರದು ನಿಮ್ದು ಅವ್ವಾ. ನೀವೇ ಸುರು ಮಾಡಿ."

ಗಾಳಿ ಒಂದು ಸಲ ಪೈರನ್ನು ಬಗ್ಗಿಸಿ ಬಿಟ್ಟಿತು. ಶಿವಮಲ್ಲಮ್ಮ ಪುಟ್ಟಮಾದಮ್ಮನ ಮುಖ ನೋಡಿದಳು, ಸಾಲಿನ ಉದ್ದಕ್ಕೂ ನೋಡಿದಳು. ಎಲ್ಲರೂ ಕಾಯುತ್ತಿದ್ದರು. ಅವಳ ತುಟಿ ಅಲುಗಿತು. "ಒಬ್ಬ ಬೀಗ ಬಂದ್ನಂತೆ..." ಎಂದಳು, ಮೆಲ್ಲಗೆ. ಪುಟ್ಟಮಾದಮ್ಮನ ಕೈ ನಿಂತಿತು. ಆ ಕತೆ ಇನ್ನು ಫೋನಿಗೆ ಹೋಗಬೇಕಾಗಿರಲಿಲ್ಲ, ಬೀಗಿತ್ತಿಯ ಕಿವಿಗೂ ಹೋಗಬೇಕಾಗಿರಲಿಲ್ಲ. ಈ ಸಾಲಿನಲ್ಲಿ, ಈ ಆರು ಜನರ ಮುಂದೆ ಬಂದರೆ ಸಾಕಿತ್ತು.

"ಅದ್ಯಾವ ಕತೆ ಅತ್ತೆ?" ಬದುವಿನ ಮೇಲಿಂದ ಮಂಗಳಗೌರಿ ಕೇಳಿದಳು, ನಗುಮುಖದಲ್ಲಿ.

ಶಿವಮಲ್ಲಮ್ಮ ಬಾಯಿ ಮುಚ್ಚಿಕೊಂಡಳು. "ಏನೂ ಇಲ್ಲ ಕಣವ್ವ," ಎಂದಳು. "ಇವರ ಕಡೆಯೋರು ಏನೋ ಏಳ್ಕಂಡು ನಗ್ತಾರೆ. ನಮ್ಗೆಲ್ಲಿ ಬತ್ತದೆ ಅದು?" ಮೊಳಕಾಲಿಗೆ ಕೈ ಊರಿ ಎದ್ದಳು. "ಬಿಸ್ಲು ಜಾಸ್ತಿ ಆಯ್ತು, ನಡಿ ಓಗವ." ಅತ್ತೆ ಸೊಸೆ ಬದು ಹಿಡಿದು ಹಟ್ಟಿಯ ಕಡೆ ಇಳಿದು ಹೋದರು.

ಹೆಂಗಸರು ಮತ್ತೆ ಕೆಲಸಕ್ಕೆ ಬಗ್ಗಿದರು. ಪುಟ್ಟಮಾದಮ್ಮನ ಬಲಗೈ ರೂಢಿಯಂತೆ ಪಕ್ಕದ ಸಾಲಿಗೆ ಹೋಯಿತು. ಹೋದ ಕೈಯನ್ನು ಅವಳು ಈ ಸಲ ನೋಡಿದಳು. ಹಿಂದಕ್ಕೆ ತೆಗೆದುಕೊಂಡು ಮಡಿಲಿಗೆ ಒರೆಸಿದಳು. ಆ ಕಡೆಯಿಂದ ಮೀನಾ ಕೈ ಚಾಚಿದಳು.

"ಬುಡು ಮೀನಾ. ಅದು ಒಡತಮ್ಮನ ಸಾಲು."

ಹೊತ್ತು ಇಳಿಯುವವರೆಗೂ ಅವರು ಕಿತ್ತರು. ಆರು ಸಾಲೂ ಆ ತುದಿ ಮುಟ್ಟಿದವು. ಎದ್ದು ನಿಂತು ನೋಡಿದರೆ ಹೊಲವೆಲ್ಲ ಬಾಚಿದ ತಲೆಯಂತೆ ಚೊಕ್ಕಟವಾಗಿತ್ತು. ನಟ್ಟನಡುವಿನಿಂದ, ಶಿವಮಲ್ಲಮ್ಮ ಎದ್ದು ಹೋದ ಜಾಗದಿಂದ ಕೊನೆಯ ಬದುವಿನವರೆಗೆ, ಒಂದೇ ಒಂದು ಸಾಲು ಕಳೆ ಮಾತ್ರ ರಾಗಿಗಿಂತ ಎತ್ತರವಾಗಿ ನಿಂತಿತ್ತು.